ಕಾಣುವ ಹೊಲಿಗೆ

ಆ ಬೀದಿಗೆಲ್ಲ ಇಸ್ತ್ರಿ ಅಂಗಡಿ ಅಂದರೆ ಅದೊಂದೇ. ಮುಂದೆ ಗಂಡನ ಇಸ್ತ್ರಿ ಮೇಜು, ಒಳಗೆ ಕಿಟಕಿ ಪಕ್ಕ ಹೆಂಡತಿಯ ರಫೂ ಮೇಜು, ಬಾಗಿಲಲ್ಲಿ ಸ್ಟೂಲಿನ ಮೇಲೆ ಅತ್ತೆ. ಅತ್ತೆಯ ಕೆಲಸ ಬಂದ ಬಟ್ಟೆಗೆ ಗುರುತಿನ ಚೀಟಿ ಕಟ್ಟುವುದು, ಬಂದವರಿಗೆ ಬುದ್ಧಿ ಹೇಳುವುದು. ಎರಡನೆಯದನ್ನು ಯಾರೂ ಕೇಳುತ್ತಿರಲಿಲ್ಲ, ಆದರೂ ಅದನ್ನೇ ಅವರು ಹೆಚ್ಚು ಮನಸ್ಸಿಟ್ಟು ಮಾಡುತ್ತಿದ್ದರು.

ರಫೂ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತೇಪೆ ಬೇರೆ, ರಫೂ ಬೇರೆ. ತೇಪೆ ಹಾಕಿದರೆ ‘ಇಲ್ಲಿ ಹರಿದಿತ್ತು’ ಅಂತ ಬಟ್ಟೆಯೇ ಡಂಗುರ ಸಾರುತ್ತದೆ. ರಫೂ ಮಾಡಿದರೆ ಹರಿದದ್ದೇ ಸುಳ್ಳಾಗುತ್ತದೆ. ಯಾರದೋ ಕೋಟಿನ ತೋಳಿಗೆ ಬೆಂಕಿಯ ಕಿಡಿ ತಾಗಿ ತೂತು ಬಿದ್ದಿದೆ ಅನ್ನಿ. ಅದೇ ಕೋಟಿನ ಒಳಮಡಿಕೆಯಿಂದ ಎಳೆ ಬಿಡಿಸಿ, ಆ ಎಳೆಯನ್ನೇ ಸೂಜಿಗೆ ಪೋಣಿಸಿ, ಅಡ್ಡಕ್ಕೊಂದು ಉದ್ದಕ್ಕೊಂದು ನೇಯ್ದು ತೂತು ಮುಚ್ಚಬೇಕು. ಹೊರಗಿನ ದಾರ ಮುಟ್ಟುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಕೋಟಿನ ಯಜಮಾನ ಕನ್ನಡಕ ಹಾಕಿಕೊಂಡು ಹುಡುಕಿದರೂ ತೂತಿದ್ದ ಜಾಗ ಸಿಗಬಾರದು. ಇವಳು ಮಾಡಿದ್ದು ಸಿಗುತ್ತಿರಲಿಲ್ಲ. ಬೀದಿಯವರೆಲ್ಲ ಅವಳನ್ನು ರಫೂ ಅಕ್ಕ ಅಂತಲೇ ಕರೆಯುತ್ತಿದ್ದರು.

ಈ ಕೈಚಳಕವನ್ನು ಅವಳು ಕೋಟು ಪ್ಯಾಂಟಿಗಷ್ಟೇ ಇಟ್ಟುಕೊಂಡಿದ್ದರೆ ನಾನು ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಅವಳಿಗೊಬ್ಬ ಮಗಳು, ಮೂರನೇ ತರಗತಿ. ಕಡ್ಡಿಯ ಹಾಗೆ ಸಣಕಲು, ಆದರೆ ಬಾಯಿ ಬಿಟ್ಟರೆ ಎದುರಿಗಿದ್ದವರ ಕಿವಿಯಲ್ಲಿ ಹೊಗೆ. ಅದಕ್ಕೇ ಅಜ್ಜಿ ಇಟ್ಟ ಹೆಸರು ಸೂಜಿಮೆಣಸು. ಕರೆಯುವಾಗ ಬರೀ ಸೂಜಿ. ಶಾಲೆ ಬಿಟ್ಟ ಮೇಲೆ ನೇರ ಅಂಗಡಿಗೆ ಬಂದು, ಇಸ್ತ್ರಿಗೆ ಬಂದ ಬಟ್ಟೆಯ ಗಂಟಿನ ಮೇಲೆ ಕುಳಿತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಹೋಂವರ್ಕ್ ಬರೆಯುತ್ತಿದ್ದಳು. ಬರೆದು ಮುಗಿಸಿದ್ದೇ ತಡ, ಹಾಳೆಯನ್ನು ಅಮ್ಮನ ಮೇಜಿನ ಮೇಲೆ ಎಸೆದು ಆಡಲು ಓಟ.

ಅಮ್ಮ ಆ ಹಾಳೆಯನ್ನು ದೀಪದ ಕೆಳಗೆ ಹಿಡಿಯುತ್ತಿದ್ದಳು. ಒಂದು ದಿನ ಒಂಬತ್ತು ಬರಬೇಕಾದಲ್ಲಿ ಆರು ಬಂದಿತ್ತು. ಎಲ್ಲ ಶುರುವಾಗಿದ್ದು ಆ ಒಂದು ಆರರಿಂದ. ಹರಿದದ್ದನ್ನು ಕಂಡರೆ ಅವಳ ಕೈ ಸುಮ್ಮನಿರುವ ಜಾತಿಯದಲ್ಲ. ಹೊಲಿಗೆ ಬಿಚ್ಚುವ ಬ್ಲೇಡಿನ ಮೂಲೆಯಿಂದ ಆರನ್ನು ಮೆಲ್ಲಗೆ ಕೆರೆದಳು, ಕಾಗದ ಜುಂಗೇಳದ ಹಾಗೆ ಉಗುರಿನಿಂದ ಉಜ್ಜಿದಳು. ಆಮೇಲೆ ಮಗಳು ಮೇಲಿನ ಸಾಲಿನಲ್ಲಿ ಬರೆದ ಒಂಬತ್ತು ಹೇಗಿದೆ ಅಂತ ನೋಡಿಕೊಂಡಳು. ತಲೆ ಸ್ವಲ್ಪ ದಪ್ಪ, ಬಾಲ ಎಡಕ್ಕೆ ವಾಲಿದ್ದು. ಅಂಥದ್ದೇ ಒಂದು ಒಂಬತ್ತನ್ನು ಖಾಲಿ ಜಾಗದಲ್ಲಿ ಕೂರಿಸಿದಳು. ಅದೇ ಬಟ್ಟೆಯ ಎಳೆಯನ್ನು ಅದೇ ಬಟ್ಟೆಯ ತೂತಿಗೆ ಹಾಕಿದಂತಾಯಿತು. ಬೇರೆ ಯಾವ ತಾಯಿಯಾದರೂ ತಪ್ಪಿನ ಮೇಲೆ ಗೀಟೆಳೆದು ತನ್ನ ಕೈಬರಹದಲ್ಲಿ ತಿದ್ದಿರುತ್ತಿದ್ದಳು, ಟೀಚರ್ ಕೈಗೆ ಸಿಕ್ಕಿಬೀಳುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಇವಳು ಸಿಕ್ಕಿಬೀಳುವುದೆಲ್ಲಿಂದ ಬಂತು.

ಆಮೇಲೆ ಅದು ದಿನದ ಕೆಲಸವಾಯಿತು. ಮೊದಲು ಅಂಕಿ, ಆಮೇಲೆ ಒತ್ತಕ್ಷರ, ಆಮೇಲೆ ಇಡೀ ಲೆಕ್ಕ.

“ಏನೇ ಇದು, ಕೋಟು ಮುಗೀತು ಅಂತ ಈಗ ಮಗಳಿಗೂ ರಫೂನಾ?” ಎಂದ ಗಂಡ ಒಂದು ಸಂಜೆ, ಕಾಲರಿನ ಮೇಲೆ ಇಸ್ತ್ರಿ ಒತ್ತುತ್ತ.

“ಸುಮ್ನಿರ್ರೀ. ಒಂದು ಅಂಕಿ ತಾನೆ. ಮಗು ಮುಖ ಸಣ್ಣದಾಗೋದು ನನಗೆ ನೋಡೋಕಾಗಲ್ಲ.”

“ಅವಳ ಮುಖಾನೋ, ನಿನ್ನ ಮುಖಾನೋ?”

ಅವಳು ಹಾಳೆಯನ್ನು ದೀಪಕ್ಕೆ ಇನ್ನಷ್ಟು ಹತ್ತಿರ ಹಿಡಿದಳು. ಹಾಳೆಗಳು ಹೋದವು, ನಕ್ಷತ್ರದ ಚೀಟಿ ಅಂಟಿಸಿಕೊಂಡು ವಾಪಸ್ ಬಂದವು. ಅಜ್ಜಿ ಅವನ್ನು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿ, ಬಟ್ಟೆ ಕೊಡಲು ಬಂದವರಿಗೆಲ್ಲ ತೋರಿಸಿ, ನಮ್ಮ ಮನೆತನದಲ್ಲಿ ಬುದ್ಧಿ ಅನ್ನೋದು ಹಿಂದಿನಿಂದ ಬಂದದ್ದು ಅಂತ ಕೊರೆಯತೊಡಗಿದರು. ಸೂಜಿ ಮಾತ್ರ ಆ ಗೋಡೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದನ್ನು ಗಮನಿಸಬೇಕಾದವರು ಯಾರೂ ಗಮನಿಸಲಿಲ್ಲ.

ಒಂದು ದಿನ ಶಾಲೆಯಿಂದ ಕರೆ ಬಂತು. ಟೀಚರ್ ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ, ಕಣ್ಣಿನ ಕೆಳಗೆ ದಣಿವಿನ ಗೆರೆ.

“ಅಮ್ಮ, ಬೇಜಾರು ಮಾಡ್ಕೋಬೇಡಿ. ಮನೇಲಿ ಬರೆದದ್ದರಲ್ಲಿ ಒಂದು ತಪ್ಪಿರಲ್ಲ. ಇಲ್ಲಿ ಬೋರ್ಡಿಗೆ ಕರೆದ್ರೆ ಒಂದು ಅಕ್ಷರ ಬರೆಯಲ್ಲ. ಮನೇಲಿ ಬೇರೆ ಯಾರಾದ್ರೂ ಬರೀತಾರಾ?”

ರಫೂ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಕಳ್ಳತನ ಸಿಕ್ಕಿಬಿದ್ದಾಗ ಬರುವ ಕೋಪವೇ ಹಾಗೆ, ನಿಜವಾದ ಕೋಪಕ್ಕಿಂತ ಒಂದು ಕೈ ಹೆಚ್ಚು. “ಅಂದ್ರೇನು ನಿಮ್ಮ ಮಾತಿನ ಅರ್ಥ? ನನ್ನ ಮಗಳು ತಾನೇ ಕೂತು ಬರೀತಾಳೆ. ನೀವೇ ಹೆದರಿಸಿರಬೇಕು. ಮನೇಲಿ ಅವಳ ಬಾಯಿ ಮುಂದೆ ನಾವ್ಯಾರೂ ನಿಲ್ಲೋಕಾಗಲ್ಲ.”

ಟೀಚರ್ ವಾದಕ್ಕೆ ನಿಲ್ಲಲಿಲ್ಲ. ಅವಳನ್ನು ಹೊರಗೆ ಮೊಗಸಾಲೆಯ ಕಿಟಕಿಯ ಹತ್ತಿರ ನಿಲ್ಲಿಸಿ ತಾವು ಒಳಗೆ ಹೋದರು, ಸೂಜಿಯನ್ನು ಕರೆದು ಕೈಗೆ ಸೀಮೆಸುಣ್ಣ ಕೊಟ್ಟರು.

ಬೋರ್ಡಿನ ಮೇಲೆ ಒಂದು ಸಣ್ಣ ಕಳೆಯುವ ಲೆಕ್ಕ. ಸೂಜಿ ಕೈ ಎತ್ತಿದಳು. ಸೀಮೆಸುಣ್ಣದ ತುದಿ ಬೋರ್ಡಿಗೆ ಇನ್ನೇನು ತಾಗಬೇಕು, ಅಲ್ಲೇ ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಟೀಚರ್, ಪರವಾಗಿಲ್ಲಮ್ಮ, ಗೊತ್ತಿರೋಷ್ಟು ಬರಿ, ಅಂದರು. ಕೈ ಹಾಗೇ ಇತ್ತು. ಹೆಬ್ಬೆರಳು ಮಾತ್ರ ಸೀಮೆಸುಣ್ಣವನ್ನು ಉಜ್ಜುತ್ತಿತ್ತು, ಪುಡಿ ಉದುರುತ್ತಿತ್ತು. ಬೆಂಕಿಯಂಥ ಹುಡುಗಿ, ಅಂಗಡಿಗೆ ಬಂದ ಪೊಲೀಸನಿಗೇ ‘ನಿಮ್ಮ ಶರ್ಟು ವಾಸನೆ’ ಅಂದವಳು, ಅಲ್ಲಿ ಒದ್ದೆ ಬೆಕ್ಕಿನ ಹಾಗೆ ನಿಂತಿದ್ದಳು.

ಹೋಗುವಾಗ ಹೆಡ್‌ಮಿಸ್ ಕೋಣೆಗೆ ಕರೆದು ಇನ್ನೊಂದು ಮಾತು ಹೇಳಿದರು. ಬರುವ ತಿಂಗಳು ಶಾಲೆಯಲ್ಲಿ ಪೋಷಕರ ದಿನ. ಪ್ರತಿಯೊಂದು ಮಗುವೂ ಎಲ್ಲರೆದುರು ಬೋರ್ಡಿನಲ್ಲಿ ಏನಾದರೊಂದು ಮಾಡಿ ತೋರಿಸಬೇಕು. ಅಷ್ಟರೊಳಗೆ ಈ ಹುಡುಗಿ ಬೋರ್ಡಿನಲ್ಲಿ ಬರೆಯದೆ ಹೋದರೆ ಎರಡನೇ ತರಗತಿಯಲ್ಲಿ ಕೂರಿಸುವುದು ಅನಿವಾರ್ಯ. “ಅವಳ ಒಳ್ಳೇದಕ್ಕೇ ಹೇಳ್ತಿದೀನಿ. ಮನೇಲಿ ಸ್ವಲ್ಪ ಗಮನ ಕೊಡಿ.”

ಗಮನ ಕೊಡಿ ಅಂತೆ. ದಾರಿಯುದ್ದಕ್ಕೂ ರಫೂ ಅಕ್ಕ ಹಲ್ಲು ಕಡಿದಳು. ದಿನಾ ಕಣ್ಣು ಕಿತ್ತುಹೋಗುವಷ್ಟು ಗಮನ ಕೊಟ್ಟವಳಿಗೆ ಗಮನ ಕೊಡಿ ಅಂತೆ.

ಅವತ್ತು ಸಂಜೆ ಬೇರೆ ದಾರಿಯಿರಲಿಲ್ಲ, ಮಗಳನ್ನೇ ಕೇಳಿದಳು. “ಬೋರ್ಡಿನ ಮುಂದೆ ಯಾಕೆ ಬರೆಯಲ್ಲ ನೀನು?”

“ಬರೆದ್ರೆ ತಪ್ಪಾಗುತ್ತೆ.”

“ಆಗಲ್ಲ. ಮನೇಲಿ ಎಲ್ಲ ಸರಿ ಮಾಡ್ತೀಯಲ್ಲ.”

ಸೂಜಿ ಅಮ್ಮನ ಮುಖವನ್ನೇ ನೋಡಿದಳು. “ನೀನು ಮಾಡೋದು. ನನಗೆ ಗೊತ್ತು. ನನ್ನ ಒಂಬತ್ತಿನ ಬಾಲ ಅಷ್ಟು ಚೆನ್ನಾಗಿ ಬರಲ್ಲ.”

ಇಸ್ತ್ರಿ ಮೇಜಿನ ಸದ್ದು ನಿಂತಿತು. ಅಜ್ಜಿಯ ಕೈಯಲ್ಲಿದ್ದ ಚೀಟಿಯ ದಾರ ಗಂಟಾಗದೆ ಹಾಗೇ ಉಳಿಯಿತು.

“ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ನೀನು ನನಗೆ ಹೇಳಿದ್ಯಾ?” ಈಗ ಮೆಣಸಿನ ಖಾರ ಮೇಲೆ ಬಂತು. “ನಾನು ಆಡಿ ಬರೋದ್ರೊಳಗೆ ಎಲ್ಲ ತೆಗೆದುಬಿಟ್ಟಿರ್ತೀಯ. ನನ್ನ ತಪ್ಪು ಎಲ್ಲಿತ್ತು ಅಂತ ನಾನು ಒಂದ್ಸಲಾನೂ ನೋಡಿಲ್ಲ. ಬೋರ್ಡ್ ಹತ್ರ ತಪ್ಪಾದ್ರೆ ಏನು ಮಾಡೋದು ಅಂತ ನನಗೆ ಗೊತ್ತಿಲ್ಲ. ಅಲ್ಲಿ ನೀನಿರಲ್ಲ.” ಒಂದು ಗುಕ್ಕು ಉಸಿರೆಳೆದುಕೊಂಡು ಹೇಳಿದಳು, “ಅವು ನನ್ನವು. ನನ್ನ ತಪ್ಪು ನನಗೆ ಬೇಕು.”

“ಅಮ್ಮಂಗೆ ಹಾಗೆಲ್ಲ ಎದುರು ಮಾತಾಡ್ಬಾರ್ದು ಕಣೇ,” ಎಂದರು ಅಜ್ಜಿ, ಆದರೆ ದನಿಯಲ್ಲಿ ದಮ್ಮಿರಲಿಲ್ಲ.

ಸೂಜಿ ಯಾರಿಗೂ ಸೊಪ್ಪು ಹಾಕದೆ ಗೋಡೆಯ ಹತ್ತಿರ ಹೋದಳು. ನಕ್ಷತ್ರದ ಹಾಳೆಗಳನ್ನು ಒಂದೊಂದಾಗಿ ಕಿತ್ತಳು, ಎಲ್ಲ ಸೇರಿಸಿ ಅಮ್ಮನ ಮೇಜಿನ ಮೇಲಿಟ್ಟಳು. “ಇವು ನಿನ್ನವು, ತಗೋ.”

ಬೇರೆ ಸಮಯದಲ್ಲಾಗಿದ್ದರೆ ಬೆನ್ನಿಗೆ ಎರಡು ಬೀಳುತ್ತಿದ್ದವೇನೋ. ಆದರೆ ರಫೂ ಅಕ್ಕನಿಗೆ ನಾಚಿಕೆಯಾಗಿತ್ತು. ಮಗಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತನಗೆ ಈ ಕಸುಬು ಕಲಿಸಿದ ಸೋದರತ್ತೆಯ ನೆನಪು ಬಂತು ಅವಳಿಗೆ. ಆಕೆ ಸಿಡುಕಿನ ಮುದುಕಿ, ಬೈಗುಳಕ್ಕೆ ಬರವಿರಲಿಲ್ಲ. ಆದರೆ ಇವಳ ಕೈಯಲ್ಲಿ ಬಟ್ಟೆ ಇದ್ದಾಗ ಆಕೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದಳು. ಎಷ್ಟು ಸೊಟ್ಟಗಾದರೂ ಮುಟ್ಟುತ್ತಿರಲಿಲ್ಲ. “ಬಿಚ್ಚು,” ಅನ್ನುತ್ತಿದ್ದಳು ಅಷ್ಟೇ. “ಎಲ್ಲಿ ಕೆಟ್ಟಿತು ಅಲ್ಲೀವರೆಗೆ ಬಿಚ್ಚು.” ಆ ಸೋದರತ್ತೆಗೆ ತನ್ನ ಮೇಲೆ ಪ್ರೀತಿಯಿಲ್ಲ ಅಂತ ಇವಳು ವರ್ಷಗಟ್ಟಲೆ ನಂಬಿದ್ದಳು. ಕೈ ಕಟ್ಟಿಕೊಳ್ಳುವುದಕ್ಕೆ ಎಷ್ಟು ಪ್ರೀತಿ ಬೇಕು ಅಂತ ಈಗ ತಿಳಿಯಿತು.

ಬ್ಲೇಡು ಗುಂಡಿ ಡಬ್ಬಿಯ ಒಳಗೆ ಹೋಯಿತು. “ಆಯ್ತು,” ಎಂದಳು ಮಗಳಿಗೆ. “ಇನ್ನು ಮುಟ್ಟಲ್ಲ. ಆಣೆ ಬೇಕಾ?”

“ಬೇಡ. ಮುಟ್ಟಬೇಡ ಅಷ್ಟೇ.”

ಹೇಳಿದಷ್ಟು ಸುಲಭವಲ್ಲ ಅದು. ಮರುದಿನ ಸಂಜೆ ಮೂರನೇ ಸಾಲಿನಲ್ಲೇ ತಪ್ಪು, ಹಲ್ಲಿನ ಸಂದಿಯ ನಾರಿನ ಹಾಗೆ ಕಾಡುವ ತಪ್ಪು. ಅವಳು ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೆ ತಾನೇ ಕುಳಿತುಬಿಟ್ಟಳು. ಬೆರಳು ಮರಗಟ್ಟಿದವು. “ಇದನ್ನ ಹೇಗೆ ಮಾಡ್ದೆ, ನನಗೆ ಹೇಳು ನೋಡೋಣ,” ಎಂದಳು. ಸೂಜಿ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ಮಧ್ಯದಲ್ಲಿ ನಿಂತಳು, “ಅಯ್ಯೋ ಇಲ್ಲಿ,” ಅಂದಳು, ರಬ್ಬರು ಹುಡುಕಿದಳು. ಕೆಲವು ದಿನ ಹಾಗೆ ಸಿಗುತ್ತಿತ್ತು, ಕೆಲವು ದಿನ ಸಿಗುತ್ತಿರಲಿಲ್ಲ. ಸಿಗದ ದಿನ ತಪ್ಪು ತಪ್ಪಾಗಿಯೇ ಶಾಲೆಗೆ ಹೋಗಿ, ಕೆಂಪು ಗೀಟು ಹಾಕಿಸಿಕೊಂಡು ಬರುತ್ತಿತ್ತು. ಇಬ್ಬರೂ ಕೂತು ಅದನ್ನು ನೋಡುತ್ತಿದ್ದರು.

ನಕ್ಷತ್ರ ಬರುವುದು ನಿಂತಿತು. ಅಜ್ಜಿ ಬೋಳು ಗೋಡೆ ನೋಡಿ ಮುಖ ಗಂಟು ಹಾಕಿಕೊಂಡರು. “ಕೈಯಲ್ಲಿ ಕಲೆ ಇಟ್ಕೊಂಡು ಮಗುವನ್ನ ಮುಳುಗಿಸ್ತಿದೀಯಲ್ಲೇ,” ಅಂತ ಸೊಸೆಗೆ ಚುಚ್ಚಿದರು.

“ಈಜು ಕಲೀಲಿ ಅತ್ತೆ,” ಎಂದಳು ಸೊಸೆ.

ಅಷ್ಟರಲ್ಲಿ ಸೂಜಿಯ ಶಾಲೆಯ ಸ್ವೆಟರಿನ ಮೊಣಕೈ ಹರಿಯಿತು. ಅಮ್ಮನ ಕೈ ಅಭ್ಯಾಸಬಲದಿಂದ ಚಾಚಿತು. ಸೂಜಿ ಸ್ವೆಟರನ್ನು ಹಿಂದಕ್ಕೆಳೆದುಕೊಂಡಳು. “ನಾನೇ ಮಾಡ್ತೀನಿ.”

ತಾಯಿ ಅವಳಿಗೆ ದಪ್ಪ ಕಣ್ಣಿನ ಸೂಜಿ ಕೊಟ್ಟಳು. ಬೂದು ಸ್ವೆಟರಿಗೆ ಕೆಂಪು ದಾರ ಕೊಟ್ಟಳು, ಎಲ್ಲಿ ಹೋಯಿತು ಎಲ್ಲಿ ಬಂತು ಅಂತ ಹುಡುಗಿಗೆ ಕಾಣಲಿ ಅಂತ. ಒಂದೇ ಒಂದು ವಿಷಯ ಹೇಳಿಕೊಟ್ಟಳು: “ಮೇಲ್ಗಡೆ ನೋಡಿ ಮೋಸ ಹೋಗಬೇಡ. ಪ್ರತಿ ಸಲ ತಿರುಗಿಸಿ ಒಳಬದಿ ನೋಡು. ಸರಿಯಿದ್ರೆ ಒಳಗೂ ಸರಿಯಿರುತ್ತೆ. ಒಳಗೆ ಗೋಜಲಾಗಿದ್ರೆ ಮೇಲೂ ಕೆಟ್ಟಿದೆ, ನಿನಗೆ ಕಾಣ್ತಿಲ್ಲ ಅಷ್ಟೇ.” ಹುಡುಗಿ ಹೊಲಿದಳು, ತಿರುಗಿಸಿದಳು, ಮುಖ ಸಿಂಡರಿಸಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ತಾಯಿ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಕಿಟಕಿಯ ಆಚೆ ಬೀದಿ ನೋಡುತ್ತ ನಿಂತಿದ್ದಳು. ಕೊನೆಗೆ ಮೊಣಕೈ ಮೇಲೆ ಉಬ್ಬಿಕೊಂಡ ಒಂದು ಕೆಂಪು ಗುಡ್ಡೆ ತಯಾರಾಯಿತು. ಹಿಡಿತ ಮಾತ್ರ ಗಟ್ಟಿಯಾಗಿತ್ತು.

ಕೋಟು ತೆಗೆದುಕೊಂಡು ಹೋಗಲು ಬಂದ ಬ್ಯಾಂಕಿನವರೊಬ್ಬರು ಅದನ್ನು ನೋಡಿ ನಕ್ಕರು. “ಏನು ರಫೂ ಅಕ್ಕ, ಊರಿಗೆಲ್ಲ ಕಾಣದ ಹೊಲಿಗೆ, ಮಗಳಿಗೆ ಮಾತ್ರ ಮೈಲಿ ದೂರಕ್ಕೆ ಕಾಣೋ ಹೊಲಿಗೆ?”

“ಅದು ಅವಳು ಹಾಕಿದ್ದು. ನಿಮ್ಮದು ನಾನು ಹಾಕಿದ್ದು. ನಿಮಗೆ ಅವಳದ್ದೇ ಇಷ್ಟ ಆದ್ರೆ ಹೇಳಿ, ಕೋಟು ಅವಳ ಕೈಗೇ ಕೊಡ್ತೀನಿ.”

ಬ್ಯಾಂಕಿನವರು ಕೋಟು ತೆಗೆದುಕೊಂಡು ಹೊರಟರು. ಇಸ್ತ್ರಿ ಮೇಜಿನ ಕಡೆಯಿಂದ ಗಂಡ ಕೆಮ್ಮುವ ನೆಪದಲ್ಲಿ ನಕ್ಕ.

ಪೋಷಕರ ದಿನ ಹತ್ತಿರ ಬಂತು. ಹೆಡ್‌ಮಿಸ್ ಮತ್ತೆ ಕರೆಸಿದರು. ಈ ಸಲ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಮಡಿಸಿದ ಒಂದು ಚೀಟಿಯನ್ನು ಮೇಜಿನ ಮೇಲೆ ತಳ್ಳಿದರು.

“ಅವತ್ತು ಬೋರ್ಡಿನಲ್ಲಿ ಅವಳಿಗೆ ಕೊಡೋ ಲೆಕ್ಕ ಇದು. ಎಲ್ಲರಿಗೂ ಕೊಟ್ಟಿದೀವಿ. ಮನೇಲಿ ಹತ್ತಾರು ಸಲ ಬರೆಸಿ, ಬಾಯಿಪಾಠ ಆಗಲಿ. ಹೋದ ವರ್ಷ ಒಂದು ಮಗು ಎಲ್ಲರ ಮುಂದೆ ಅತ್ತುಬಿಟ್ಟಿತು, ನನಗೆ ಒಂದು ವಾರ ನಿದ್ದೆ ಬರಲಿಲ್ಲ. ಇದೊಂದು ಸರಿಯಾಗಿ ಮಾಡಿದ್ರೆ ಸಾಕು, ಅವಳು ಇದೇ ತರಗತಿಯಲ್ಲಿ ಇರ್ತಾಳೆ. ನಾನೇ ಮಾತು ಕೊಡ್ತೀನಿ.”

ಆ ಹೆಂಗಸು ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಚೀಟಿಯನ್ನು ಮುಖದ ಮೇಲೆ ಎಸೆದು ಬರಬಹುದಿತ್ತು. ರಫೂ ಅಕ್ಕ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಂಗಡಿಗೆ ನಡೆದಳು. ಒಂದೇ ಒಂದು ಲೆಕ್ಕ. ನಾಲ್ಕು ಸಂಜೆ ಕೂರಿಸಿದರೆ ಹುಡುಗಿ ಕಣ್ಣು ಮುಚ್ಚಿಕೊಂಡು ಬರೆಯುತ್ತಾಳೆ. ಯಾರಿಗೂ ತಿಳಿಯುವುದಿಲ್ಲ, ಎಳ್ಳಷ್ಟೂ ಗುರುತು ಉಳಿಯುವುದಿಲ್ಲ. ಹಾಗೆ ಮಾಡದೆ ಹೋದರೆ ಸಣ್ಣ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತ ಮಗಳ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು.

“ಹೇಳಿಕೊಟ್ಟುಬಿಡೇ,” ಎಂದ ಗಂಡ. ಅಷ್ಟು ದಿನ ಅವಳ ರಫೂವನ್ನು ಆಡಿಕೊಂಡವನೇ ಈಗ ಕಂಗಾಲಾಗಿದ್ದ. “ಈ ಒಂದು ಸಲ. ಆಮೇಲೆ ನಿನ್ನ ಹಟ ನೀನು ಸಾಧಿಸು. ಮಗು ಒಂದು ವರ್ಷ ಹಿಂದೆ ಬಿದ್ರೆ ಯಾರು ಹೊಣೆ?”

ಅದಕ್ಕೆ ಉತ್ತರವಿದ್ದವಳು ಬಟ್ಟೆಯ ಗಂಟಿನ ಮೇಲೆ ಕುಳಿತಿದ್ದಳು. ಇನ್ನು ಮೇಲೆ ಮಗಳ ಬೆನ್ನ ಹಿಂದೆ ಏನೂ ಮಾಡುವುದಿಲ್ಲ ಅಂತ ರಫೂ ಅಕ್ಕ ನಿರ್ಧರಿಸಿದ್ದಳಲ್ಲ, ಹೋಗಿ ಮಡಿಸಿದ ಚೀಟಿಯನ್ನು ಹಾಗೇ ತೋರಿಸಿದಳು. ಯಾರು ಕೊಟ್ಟರು, ಯಾಕೆ ಕೊಟ್ಟರು, ಮಾಡದಿದ್ದರೆ ಏನಾಗುತ್ತದೆ, ಎಲ್ಲ ಹೇಳಿದಳು. ಸಿಹಿ ಲೇಪಿಸಲಿಲ್ಲ.

ಸೂಜಿ ಪೆನ್ಸಿಲಿನ ಹಿಂಬದಿ ಕಚ್ಚುತ್ತ ಕೇಳಿದಳು. “ಎರಡನೇ ತರಗತಿಯಲ್ಲಿ ಕೂರಿಸ್ತಾರಾ ನಿಜವಾಗ್ಲೂ?”

“ಕೂರಿಸಬಹುದು.”

ಹುಡುಗಿ ಪೆನ್ಸಿಲನ್ನು ಬಾಯಿಂದ ತೆಗೆದು ಹಲಗೆಯ ಮೇಲಿಟ್ಟಳು. “ಅದನ್ನ ಬಿಚ್ಚಬೇಡ. ವಾಪಸ್ ಕೊಟ್ಬಿಡು. ನನಗೆ ಗೊತ್ತಿಲ್ಲದೇ ಇರೋದು ಕೊಡೋಕೆ ಹೇಳು.”

ತಾಯಿಗೆ ಬೇಡ ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂತು. ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಹೆಡ್‌ಮಿಸ್ ಮೇಜಿನ ಮೇಲೆ ಚೀಟಿ ಮಡಿಕೆ ಬಿಚ್ಚದೆ ವಾಪಸ್ ಬಂತು. ಟೀಚರ್ ಕೂಡ ಅಲ್ಲೇ ನಿಂತಿದ್ದರು.

“ಇದು ಬೇಡ ಮೇಡಂ. ಇಲ್ಲೀವರೆಗೆ ಅವಳ ಹೋಂವರ್ಕ್ ತಿದ್ದಿದ್ದು ನಾನು. ದಿನಾ ಕೆರೆದು ಬರೀತಿದ್ದೆ. ಟೀಚರ್ ಕೇಳಿದಾಗ ಅವರ ಮೇಲೇ ಹಾರಾಡಿದೆ, ಅದು ನನ್ನ ತಪ್ಪು. ಈಗ ನಾನು ಬಿಟ್ಟಿದೀನಿ. ನೀವು ಶುರು ಮಾಡಬೇಡಿ.”

ಹೆಡ್‌ಮಿಸ್ ಮುಖ ಕೆಂಪಾಯಿತು. “ಏನಮ್ಮ ಹೀಗಂತೀರಿ? ಎಲ್ಲರ ಮುಂದೆ ತಪ್ಪು ಮಾಡಿದ್ರೆ?”

“ಮಾಡ್ಲಿ.”

“ಅತ್ರೆ?”

“ಅಳ್ಲಿ. ನಾನು ಅಲ್ಲೇ ಇರ್ತೀನಿ, ಕಣ್ಣೊರೆಸ್ತೀನಿ. ಲೆಕ್ಕ ಮಾತ್ರ ಮಾಡಿಕೊಡಲ್ಲ.”

“ನಾನು ಕೊಟ್ಟ ಮಾತು ಹಿಂದಕ್ಕೆ ತಗೋಬೇಕಾಗುತ್ತೆ.”

“ತಗೊಳ್ಳಿ,” ಎಂದಳು ರಫೂ ಅಕ್ಕ.

ಪೋಷಕರ ದಿನ ಶಾಲೆಯ ದೊಡ್ಡ ಕೋಣೆ ತುಂಬಿಹೋಗಿತ್ತು. ಒಂದೊಂದು ಮಗುವೂ ಬಂದು, ಬೋರ್ಡಿಗೆ ಮುಖ ಮಾಡಿ, ನೀರು ಕುಡಿದಷ್ಟು ಸಲೀಸಾಗಿ ಬರೆದು ಹೋಗುತ್ತಿತ್ತು. ಚಪ್ಪಾಳೆ, ಫೋಟೋ, ಚಪ್ಪಾಳೆ. ಮೂರನೇ ಸಾಲಿನಲ್ಲಿ ಇಸ್ತ್ರಿ ಅಂಗಡಿಯ ಸಂಸಾರ ಕುಳಿತಿತ್ತು. ಅಜ್ಜಿ ಹೊಸ ಬಟ್ಟೆ ಉಟ್ಟಿದ್ದರು, ಗಂಡನ ಶರ್ಟಿನ ಮಡಿಕೆಯಲ್ಲಿ ಬೆರಳು ಕೊಯ್ದುಕೊಳ್ಳಬಹುದಿತ್ತು.

ಸೂಜಿಯ ಸರದಿ ಬಂತು. ಬೂದು ಸ್ವೆಟರು, ಮೊಣಕೈ ಮೇಲೆ ಕೆಂಪು ಗುಡ್ಡೆ. ಟೀಚರ್ ಆಗಷ್ಟೇ ಯೋಚಿಸಿದ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದರು: ನಾನೂರ ಮೂರರಲ್ಲಿ ನೂರ ಐವತ್ತೇಳು ಕಳೆ. ನಡುವೆ ಸೊನ್ನೆ. ದೊಡ್ಡವರೂ ಮುಗ್ಗರಿಸುವ ಜಾಗ.

ಹುಡುಗಿ ಕೈ ಎತ್ತಿದಳು. ಸೀಮೆಸುಣ್ಣದ ತುದಿ ಬೋರ್ಡಿನ ಹತ್ತಿರ ಹೋಗಿ ನಿಂತಿತು. ತಾಯಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡಳು. ಸೀಮೆಸುಣ್ಣ ತಾಗಿತು. ಕಿರ್ರೆಂದಿತು. ಏಳರಿಂದ ಮೂರು ತೆಗೆದು ನಾಲ್ಕು. ಐದರಿಂದ ಸೊನ್ನೆ ತೆಗೆದು ಐದು. ನಾಲ್ಕರಿಂದ ಒಂದು ತೆಗೆದು ಮೂರು. ಮುನ್ನೂರ ಐವತ್ತನಾಲ್ಕು.

ತಪ್ಪು. ಮೇಲಿನದರಿಂದ ಕೆಳಗಿನದನ್ನು ಕಳೆಯುವ ಬದಲು ಎಲ್ಲಿ ದೊಡ್ಡದಿದೆಯೋ ಅಲ್ಲಿಂದ ಕಳೆದಿದ್ದಳು. ಕೋಣೆಯಲ್ಲಿ ಗುಸುಗುಸು ಎದ್ದಿತು. ಗಂಡ ಮುಂದಕ್ಕೆ ಬಾಗಿ, ಬಾಯಿಯ ಪಕ್ಕ ಅಂಗೈ ಹಿಡಿದು, “ಇನ್ನೂರ...” ಅನ್ನಲು ಹೊರಟಿದ್ದ. ರಫೂ ಅಕ್ಕ ಅವನ ತೋಳು ಚಿವುಟಿದ ರಭಸಕ್ಕೆ ಅವನ ಬಾಯಿ ತಾನಾಗಿ ಮುಚ್ಚಿತು. ಹಿಂದಿನ ಸಾಲಿನ ಒಬ್ಬಾತ ಪಾಪ ಅಂತ ಉತ್ತರ ಪಿಸುಗುಟ್ಟತೊಡಗಿದ. ಅವಳು ಪೂರ್ತಿ ತಿರುಗಿ ಕುಳಿತು ಅವನನ್ನು ದಿಟ್ಟಿಸಿದಳು. “ಬಾಯಿ ಮುಚ್ಕೊಂಡಿರಿ ಸ್ವಾಮಿ. ಅದು ಅವಳ ಲೆಕ್ಕ.”

ಹೆಡ್‌ಮಿಸ್ ಎದ್ದರು. “ಪರವಾಗಿಲ್ಲ ಪುಟ್ಟ, ಹೋಗಿ ಕೂತ್ಕೋ,” ಎನ್ನುತ್ತ ಡಸ್ಟರ್ ಎತ್ತಿಕೊಂಡು ಬೋರ್ಡಿನ ಕಡೆ ಬಂದರು.

ಸೂಜಿ ಬೋರ್ಡಿಗೆ ಅಡ್ಡವಾಗಿ ಕೈ ಚಾಚಿದಳು. ಕೆಂಪು ಗುಡ್ಡೆಯ ಮೊಣಕೈ ಹೆಡ್‌ಮಿಸ್ ಎದುರಿಗೇ ಬಂತು.

“ಅಳಿಸಬೇಡಿ ಮಿಸ್. ನಾನಿನ್ನೂ ಮುಗಿಸಿಲ್ಲ.”

ಹೆಡ್‌ಮಿಸ್ ಟೀಚರ್ ಮುಖ ನೋಡಿದರು. ಟೀಚರ್ ಕದಲಲಿಲ್ಲ. ಹುಡುಗಿ ಬೋರ್ಡಿನ ಇನ್ನೊಂದು ಬದಿಗೆ ಹೋಗಿ, ಬಂದ ಉತ್ತರಕ್ಕೆ ನೂರ ಐವತ್ತೇಳನ್ನು ಕೂಡಿಸತೊಡಗಿದಳು. ಮಧ್ಯೆ ಬೆರಳೆಣಿಸಿದಳು, ಮೂಗೊರೆಸಿಕೊಂಡಳು. ತಾಯಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಲೆಕ್ಕದ ಒಳಬದಿ ನೋಡುತ್ತಿದ್ದಾಳೆ. ಇದನ್ನು ಲೆಕ್ಕಕ್ಕೂ ಮಾಡಬಹುದು ಅಂತ ತಾಯಿ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಐನೂರ ಹನ್ನೊಂದು ಬಂತು. ಸೂಜಿ ಅದನ್ನು ನೋಡಿದಳು, ಮೇಲಿನ ನಾನೂರ ಮೂರನ್ನು ನೋಡಿದಳು. “ಗೋಜಲಾಗಿದೆ,” ಅಂದಳು ತನ್ನಷ್ಟಕ್ಕೇ, ಆದರೆ ಕೋಣೆಗೆಲ್ಲ ಕೇಳಿಸಿತು. ಬೆರಳನ್ನು ಒಂದೊಂದೇ ಅಂಕಿಯ ಮನೆಯ ಮೇಲಿಟ್ಟುಕೊಂಡು ಹಿಂದಕ್ಕೆ ಹೋದಳು. ಬಲಗಡೆಯ ಮೂರರ ಹತ್ತಿರ ನಿಂತಳು. “ಇಲ್ಲಿ ಕೆಟ್ಟಿದ್ದು.”

ಆಮೇಲೆ ಬೋರ್ಡಿನ ಆ ಇನ್ನೊಂದು ಬದಿಯಲ್ಲೇ ಲೆಕ್ಕವನ್ನು ಹೊಸದಾಗಿ ಬರೆದಳು. ಮೂರು ಸಾಲದು, ಪಕ್ಕದ ಮನೆಯಿಂದ ತರಬೇಕು, ಪಕ್ಕದ ಮನೆಯಲ್ಲಿ ಸೊನ್ನೆ, ಅದರಾಚೆಯ ಮನೆಗೆ ಹೋಗಬೇಕು. ಎಷ್ಟು ಹೊತ್ತು ಹಿಡಿಯಿತೋ. ಜನ ಕುರ್ಚಿಯಲ್ಲಿ ಮಿಸುಕಾಡಿದರು, ಯಾರದೋ ಮಗು ರಚ್ಚೆ ಹಿಡಿಯಿತು, ಅಜ್ಜಿ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರು. ಇನ್ನೂರ ನಲವತ್ತಾರು. ಅದನ್ನೂ ತಿರುಗಿಸಿ ಕೂಡಿಸಿದಳು. ನಾನೂರ ಮೂರು ಬಂತು. ಸೂಜಿ ಸೀಮೆಸುಣ್ಣ ಕೆಳಗಿಟ್ಟು, ಕೈ ಝಾಡಿಸಿಕೊಂಡು ತಿರುಗಿದಳು.

“ಈಗ ಮುಗೀತು.”

ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ಯಾರಿಗೂ ತೋಚಲಿಲ್ಲ. ಮೊದಲು ತಟ್ಟಿದವರು ಟೀಚರ್. ತಟ್ಟುತ್ತಲೇ ಹೆಡ್‌ಮಿಸ್ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, “ಇವಳು ನನ್ನ ತರಗತಿಯಲ್ಲೇ ಇರ್ತಾಳೆ,” ಎಂದರು. ಹೆಡ್‌ಮಿಸ್ ಕೈಯಲ್ಲಿದ್ದ ಡಸ್ಟರನ್ನು ಮೇಜಿನ ಮೇಲಿಟ್ಟರು. ಸರಿ ಅಂತ ತಲೆಯಾಡಿಸಿದರು.

ಫೋಟೋದವನು ಮುಂದೆ ಬಂದ. ಬೋರ್ಡಿನ ತುಂಬ ಗೀಚು. ಒಂದು ಕಡೆ ಮುನ್ನೂರ ಐವತ್ತನಾಲ್ಕು ಹಾಗೇ ನಿಂತಿತ್ತು, ಹೊಡೆದುಹಾಕದೆ. “ಆ ತಪ್ಪಿರೋದನ್ನ ಮಾತ್ರ ಒರೆಸಿಬಿಡಿ ಮೇಡಂ, ಫೋಟೋ ಚೆನ್ನಾಗಿ ಬರುತ್ತೆ,” ಎಂದ.

ರಫೂ ಅಕ್ಕ ಮೂರನೇ ಸಾಲಿನಲ್ಲಿ ಎದ್ದು ನಿಂತಳು. ಜೋಮು ಹಿಡಿದ ಕೈಗಳು ಎರಡೂ ಪಕ್ಕಕ್ಕೆ ಜೋತುಬಿದ್ದಿದ್ದವು.

“ಯಾರೂ ಮುಟ್ಟಬೇಡಿ,” ಎಂದಳು. “ಅದೂ ಅವಳದೇ.”

ಸೂಜಿ ಎರಡು ಉತ್ತರಗಳ ನಡುವೆ ಹೋಗಿ ನಿಂತಳು, ಫೋಟೋದವನು ಹಾಗೇ ತೆಗೆದ.